ಮಾಗಿಯ ರಾತ್ರಿಗಳಲ್ಲಿ ಹಬ್ಬದ ಸಾಲಿಟೇರ್

ಪ್ರತಿ ವರ್ಷ ಡಿಸೆಂಬರ್ ಹತ್ತಿರವಾದಂತೆ ನಾನು ಲ್ಯಾಪ್‌ಟಾಪಿನಲ್ಲಿ ಕ್ರಿಸ್ಮಸ್ ಅಲಂಕಾರದ ಸಾಲಿಟೇರ್, ಅಂದರೆ ಒಬ್ಬರೇ ಆಡುವ ಇಸ್ಪೀಟಿನ ಆಟವೊಂದನ್ನು ತೆರೆಯುತ್ತೇನೆ, ಸಂಕ್ರಾಂತಿ ಸಮೀಪಿಸುವವರೆಗೂ ಅದನ್ನು ಬಿಡುವುದಿಲ್ಲ. ನಮ್ಮ ಸೋಮವಾರಪೇಟೆಯ ಕಡೆ ಇದು ಅರೇಬಿಕಾ ಕೊಯ್ಲಿನ ಕಾಲ. ಸಂಜೆ ಹಣ್ಣು ತೂಗಿ, ಯಾರು ಎಷ್ಟು ಕಿಲೋ ಕೊಯ್ದರೆಂದು ಪುಸ್ತಕದಲ್ಲಿ ಬರೆದುಕೊಂಡು, ಕಣದಲ್ಲಿ ಹರಡಿದ ಕಾಫಿಯ ಮೇಲೆ ಇಬ್ಬನಿ ಬೀಳದಂತೆ ಟಾರ್ಪಾಲು ಎಳೆದು, ಊಟ ಮುಗಿಸಿ ಕೂತರೆ ಮಲಗುವ ಮುನ್ನ ಒಂದಿಷ್ಟು ಹೊತ್ತು ಉಳಿಯುತ್ತದೆ. ಆ ಹೊತ್ತಿಗೆ ಓದು ತಲೆಗೆ ಹತ್ತುವುದಿಲ್ಲ, ಟಿ.ವಿ.ಯ ಗದ್ದಲವೂ ಬೇಡವೆನಿಸುತ್ತದೆ. ಎಲೆಯ ಮೇಲೆ ಎಲೆ ಹಾಕುತ್ತ ಹೋಗುವ ಆಟವೊಂದಕ್ಕೆ ಬೇಕಾಗುವಷ್ಟು ಗಮನ ಮಾತ್ರ ಉಳಿದಿರುತ್ತದೆ.

ಇಂತಹ ಆಟಗಳನ್ನು ಹೊತ್ತು ಹೋಗದವರ ಆಟಗಳೆಂದು ಪಕ್ಕಕ್ಕೆ ಸರಿಸುವವರು ಬಹಳ ಮಂದಿ ಇದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಚೆನ್ನಾಗಿ ಮಾಡಿದ ಹಬ್ಬದ ಸಾಲಿಟೇರ್ ಹಬ್ಬದ ದಿನಕ್ಕಿಂತ ಹೆಚ್ಚಾಗಿ ಹಬ್ಬದ ತಯಾರಿಯನ್ನು ನಮ್ಮ ಕೈಯಿಂದ ಮಾಡಿಸುತ್ತದೆ. ಯಾವುದನ್ನು ಮೊದಲು ತೆಗೆಯಬೇಕು, ಯಾವುದನ್ನು ಆಮೇಲಕ್ಕೆ ಇಡಬೇಕು, ಕೈಯಲ್ಲಿರುವ ಅಲ್ಪಸ್ವಲ್ಪದಲ್ಲಿ ಏನನ್ನು ಪೂರೈಸಬೇಕು ಎಂಬ ಯೋಚನೆ ಅದರ ನಿಯಮದಲ್ಲೇ ಸೇರಿಕೊಂಡಿರುತ್ತದೆ. ಹಿನ್ನೆಲೆಗೆ ಹಿಮ ಬಳಿದ ಮಾತ್ರಕ್ಕೆ ಅದು ಹಬ್ಬದ ಆಟವಾಗುವುದಿಲ್ಲ. ಈ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ.

ಸಾಲಿಟೇರ್ ಎಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಕ್ಲೋಂಡೈಕ್: ಏಳು ಸಾಲು, ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು, ಕೊನೆಗೆ ಎಕ್ಕದಿಂದ ರಾಜನವರೆಗೆ ನಾಲ್ಕು ರಾಶಿ. 1990ರಲ್ಲಿ ಬಂದ ವಿಂಡೋಸ್ 3.0ರ ಜೊತೆಗೆ ಈ ಆಟ ಲಕ್ಷಾಂತರ ಕಚೇರಿಗಳ ಮೇಜಿಗೆ ಬಂತು. ಅದನ್ನು ಬರೆದವರು ಆಗ ಮೈಕ್ರೋಸಾಫ್ಟಿನಲ್ಲಿ ಇಂಟರ್ನ್ ಆಗಿದ್ದ ವೆಸ್ ಚೆರಿ, ಎಲೆಗಳ ಚಿತ್ರ ಬಿಡಿಸಿದವರು ಸೂಸನ್ ಕೇರ್. ಮೌಸ್ ಹಿಡಿದು ಎಳೆದು ಬಿಡುವುದನ್ನು ಜನ ಆಟವಾಡುತ್ತಲೇ ರೂಢಿ ಮಾಡಿಕೊಂಡರು. 2019ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿರುವ ಸ್ಟ್ರಾಂಗ್ ವಸ್ತುಸಂಗ್ರಹಾಲಯ ತನ್ನ ವಿಡಿಯೋ ಗೇಮ್ ಗೌರವಪಟ್ಟಿಯಲ್ಲಿ ಈ ಆಟಕ್ಕೆ ಜಾಗ ಕೊಟ್ಟಿತು.

ಆದರೆ ಇಂದಿನ ಹಬ್ಬದ ಸಾಲಿಟೇರ್‌ಗಳಲ್ಲಿ ಹೆಚ್ಚಿನವು ಕ್ಲೋಂಡೈಕ್ ವಂಶದವಲ್ಲ. ಅವು ಗಾಲ್ಫ್ ಮತ್ತು ಟ್ರೈಪೀಕ್ಸ್ ಎಂಬ ಎರಡು ಆಟಗಳಿಂದ ಹುಟ್ಟಿದವು. ಇವುಗಳಲ್ಲಿ ನಿಯಮ ಒಂದೇ ಒಂದು. ಕೆಳಗೆ ತೆರೆದಿರುವ ಎಲೆಗಿಂತ ಒಂದು ಹೆಚ್ಚು ಅಥವಾ ಒಂದು ಕಡಿಮೆ ಇರುವ ಎಲೆಯನ್ನು ಮೇಜಿನಿಂದ ಎತ್ತಿ ಅದರ ಮೇಲೆ ಹಾಕಬೇಕು. ಎಂಟರ ಮೇಲೆ ಏಳನ್ನು ಹಾಕಬಹುದು, ಒಂಬತ್ತನ್ನೂ ಹಾಕಬಹುದು. ಇಸ್ಪೀಟೋ, ಆಟೀನೋ, ಡೈಮಂಡೋ, ಕಳಾವರೋ ಎಂಬ ಪ್ರಶ್ನೆ ಇಲ್ಲ. ಹೊಂದುವ ಎಲೆ ಸಿಗದಿದ್ದರೆ ಕಟ್ಟಿನಿಂದ ಹೊಸ ಎಲೆ ಎತ್ತಬೇಕು, ಕಟ್ಟು ಮುಗಿಯುವುದರೊಳಗೆ ಮೇಜು ಖಾಲಿಯಾಗಬೇಕು. ಗಾಲ್ಫಿನಲ್ಲಿ ಏಳು ಸಾಲುಗಳಲ್ಲಿ ಐದೈದರಂತೆ 35 ಎಲೆಗಳನ್ನು ತೆರೆದೇ ಹಂಚುತ್ತಾರೆ, 17 ಉಳಿಯುತ್ತವೆ. ಹಳೆಯ ಕಟ್ಟುನಿಟ್ಟಿನ ಪದ್ಧತಿಯಲ್ಲಿ ರಾಜ ಬಿದ್ದನೆಂದರೆ ಹೀಗೆ ಒಂದರ ಮೇಲೊಂದು ಹಾಕುತ್ತ ಬಂದ ಎಲೆಗಳ ಸರಪಳಿ ಅಲ್ಲಿಗೆ ಮುಗಿಯಿತು. 1989ರಲ್ಲಿ ರಾಬರ್ಟ್ ಹೋಗ್ ರೂಪಿಸಿದ ಟ್ರೈಪೀಕ್ಸಿನಲ್ಲಿ ಎಲೆಗಳು ಮೂರು ಬೆಟ್ಟಗಳಂತೆ ಒಂದರ ಮೇಲೊಂದು ಅರ್ಧರ್ಧ ಮುಚ್ಚಿಕೊಂಡಿರುತ್ತವೆ. ಒಟ್ಟು 28 ಎಲೆಗಳಲ್ಲಿ ತಳದ 10 ಮಾತ್ರ ತೆರೆದಿರುತ್ತವೆ, ಮೇಲಿನ 18 ಕವುಚಿರುತ್ತವೆ, ರಾಜನ ಮೇಲೆ ಎಕ್ಕ ಹಾಕಿ ಸುತ್ತು ಬರಲು ಅವಕಾಶವೂ ಇರುತ್ತದೆ.

ಇಷ್ಟು ಸರಳ ನಿಯಮ ಯಾಕೆ ಬೇಸರ ತರಿಸುವುದಿಲ್ಲ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಕೆಳಗೆ ಒಂದು ಎಲೆ ತೆರೆದಿದೆ ಎಂದುಕೊಳ್ಳಿ. ಉಳಿದ 51 ಎಲೆಗಳಲ್ಲಿ ಅದಕ್ಕೆ ಹೊಂದುವಂಥವು 8. ಮೇಜಿನ ಮೇಲೆ ಹತ್ತು ಎಲೆಗಳು ತೆರೆದಿದ್ದರೆ ಅವುಗಳಲ್ಲಿ ಒಂದಾದರೂ ಹೊಂದುವ ಸಾಧ್ಯತೆ ನೂರಕ್ಕೆ ಸುಮಾರು 85. ತೆರೆದ ಎಲೆಗಳು ಮೂರಕ್ಕೆ ಇಳಿದರೆ ಅದೇ ಸಾಧ್ಯತೆ ಸುಮಾರು 41ಕ್ಕೆ ಕುಸಿಯುತ್ತದೆ. ಆಡಿಹೋದ ಎಲೆಗಳನ್ನು ಹಿಡಿಯದ ಸ್ಥೂಲ ಲೆಕ್ಕ ಇದು, ಆದರೂ ಆಟದ ಸ್ವಭಾವ ಇದರಲ್ಲಿ ಕಾಣುತ್ತದೆ. ಮೊದಲಿಗೆ ಎಲ್ಲವೂ ಸಲೀಸು, ಕೊನೆಗೆ ಎಲ್ಲವೂ ಬಿಗಿ. ಆರಂಭದಲ್ಲಿ ಸಿಕ್ಕಿದ್ದನ್ನೆಲ್ಲ ಎತ್ತಿ ಹಾಕಿದವರಿಗೆ ಕೊನೆಯ ಮೂರು ಎಲೆಗಳು ಸತಾಯಿಸುತ್ತವೆ. ಹಣ್ಣಾದದ್ದನ್ನು ಕೊಯ್ದು ಹಸಿರು ಕಾಯಿಯನ್ನು ಗಿಡದಲ್ಲೇ ಬಿಡುವ ಒಳ್ಳೆಯ ಕೊಯ್ಲಿನವರಂತೆ ಇಲ್ಲಿಯೂ ಕೈಗೆ ಸಿಕ್ಕಿದ ಎಲೆಯನ್ನು ಬಿಟ್ಟು ಮುಂದೆ ಹೋಗುವ ಸಂಯಮ ಬೇಕಾಗುತ್ತದೆ.

ಇದನ್ನು ನನಗೆ ಕಲಿಸಿದವರು ನನ್ನ ದೊಡ್ಡಪ್ಪ. ಅವರು ಸೈನ್ಯದಿಂದ ನಿವೃತ್ತರಾಗಿ ಬಂದವರು. ಮಳೆಗಾಲದಲ್ಲಿ, ಅಂಗಳಕ್ಕೆ ಇಳಿಯಲಾಗದ ದಿನಗಳಲ್ಲಿ, ಅಂಚು ಸವೆದ ಇಸ್ಪೀಟಿನ ಕಟ್ಟೊಂದನ್ನು ಹಿಡಿದು ಕಿಟಕಿಯ ಪಕ್ಕದ ಮೇಜಿನ ಮೇಲೆ ಒಬ್ಬರೇ ಪೇಷನ್ಸ್ (ಸಾಲಿಟೇರಿಗೇ ಇನ್ನೊಂದು ಹೆಸರು) ಆಡುತ್ತ ಕೂರುತ್ತಿದ್ದರು. ಅವರು ಆಡುತ್ತಿದ್ದದ್ದು ಕ್ಲೋಂಡೈಕ್. ಅದರಲ್ಲೂ ಮೇಜಿಗೆ 28 ಎಲೆ, ಕೈಗೆ 24 ಎಲೆ. ಟ್ರೈಪೀಕ್ಸಿನಲ್ಲೂ ಅದೇ 28, ಅದೇ 24. ಮನೆಮಂದಿ ನಾಲ್ಕು ಜನ ಸೇರಿದರೆ ಇಪ್ಪತ್ತೆಂಟು ಎಂಬ ಇಸ್ಪೀಟಿನ ಆಟವೇ ನಡೆಯುವ ನಮ್ಮ ಮನೆಯಲ್ಲಿ ಈ ಸಂಖ್ಯೆ ಎಲ್ಲಿಂದಲೋ ಮತ್ತೆ ಬಂದದ್ದು ದೊಡ್ಡಪ್ಪನಿಗೆ ಬಹಳ ಖುಷಿ ಕೊಟ್ಟಿತ್ತು. ಪರದೆಯ ಮೇಲಿನ ಆಟ ತೋರಿಸಿದಾಗ ಅವರು ಹಿಮ, ಗಂಟೆ, ದೀಪ ಯಾವುದನ್ನೂ ನೋಡಲಿಲ್ಲ. ನೇರವಾಗಿ ಎಲೆಗಳನ್ನೇ ನೋಡಿದರು.

ಒಂದು ಸಂದರ್ಭವನ್ನು ಎಲೆ ಎಲೆಯಾಗಿ ಹೇಳುತ್ತೇನೆ. ಕ್ರಿಸ್ಮಸ್ ಮರದ ಆಕಾರದಲ್ಲಿ ಹರಡಿದ ಹಂತ ಅದು. ಕೆಳಗೆ ತೆರೆದಿದ್ದದ್ದು ಕಳಾವರ್ ಎಂಟು. ಮರದ ತಳದಲ್ಲಿ ಆರು ಎಲೆಗಳು ಬಿಡಿಯಾಗಿದ್ದವು: ಕಳಾವರ್ ಆರು, ಆಟೀನು ಏಳು, ಡೈಮಂಡ್ ಎಂಟು, ಇಸ್ಪೀಟು ಒಂಬತ್ತು, ಡೈಮಂಡ್ ಹತ್ತು, ಇಸ್ಪೀಟು ಗುಲಾಮ. ನಾನು ಏಳರಿಂದ ಹೊರಟು ಎಂಟು, ಒಂಬತ್ತು, ಹತ್ತು, ಗುಲಾಮ ಎಂದು ಐದು ಎಲೆಗಳನ್ನು ಒಂದೇ ಉಸಿರಿಗೆ ತೆಗೆಯಬೇಕೆಂದಿದ್ದೆ. ದೊಡ್ಡಪ್ಪ ಕೈ ಅಡ್ಡ ಹಿಡಿದರು.

"ಐದು ಎಲೆ ಹೋಗುತ್ತಲ್ಲ ದೊಡ್ಡಪ್ಪ?" ಎಂದೆ.

"ಹೋಗುತ್ತೆ ಮಗಳೇ. ಆಮೇಲೆ ಆ ಆರು ಒಂಟಿಯಾಗಿ ಕೂರುತ್ತಲ್ಲ, ಅದನ್ನು ಯಾರು ಎತ್ತುತ್ತಾರೆ? ನಾಲ್ಕೇ ತೆಗೆ. ಒಂಬತ್ತು, ಎಂಟು, ಏಳು, ಆರು. ಹತ್ತೂ ಗುಲಾಮನೂ ಜೋಡಿಯಾಗಿ ಉಳಿಯಲಿ."

ಅವರ ಮಾತನ್ನು ಬಿಡಿಸಿ ನೋಡಿದರೆ ಅದರ ಹಿಂದಿನ ಲೆಕ್ಕ ಸ್ಪಷ್ಟವಾಗುತ್ತದೆ. ಒಂಟಿ ಆರು ಉಳಿದರೆ ಅದನ್ನು ಎತ್ತಲು ಐದು ಬರಬೇಕು ಅಥವಾ ಏಳು ಬರಬೇಕು. ಹತ್ತು ಮತ್ತು ಗುಲಾಮ ಉಳಿದರೆ, ಒಂಬತ್ತು ಬಂದರೂ ರಾಣಿ ಬಂದರೂ ಎರಡೂ ಹೋಗುತ್ತವೆ. ಬೇರೆ ಹತ್ತು ಬಂದರೆ ಮೊದಲು ಗುಲಾಮ, ಅವನ ಮೇಲೆ ಹತ್ತು ಹೋಗುತ್ತದೆ; ಬೇರೆ ಗುಲಾಮ ಬಂದರೆ ಮೊದಲು ಹತ್ತು, ಅದರ ಮೇಲೆ ಗುಲಾಮ ಹೋಗುತ್ತಾನೆ. ಎರಡು ದಾರಿಯ ಬದಲು ನಾಲ್ಕು ದಾರಿ. ಇದರ ಜೊತೆಗೆ ಆ ಕಳಾವರ್ ಆರು ಒಂದು ಬೀಗದ ಕೈ ಎಲೆಯ ಮೇಲೆ ಕೂತಿತ್ತು. ಅದು ಸರಿದ ಕೂಡಲೇ ಬೀಗದ ಕೈ ಹೊರಬಂದು, ಮರದ ನಡುವಿನಲ್ಲಿ ಬಂಧಿಯಾಗಿದ್ದ ಎಲೆಗಳೆಲ್ಲ ಬಿಡಿಸಿಕೊಂಡವು. ಅಂಕದ ಲೆಕ್ಕದಲ್ಲಿ ಮಾತ್ರ ನಮಗೆ ಕಡಿಮೆಯೇ ಬಂತು. ಮೊದಲ ಎಲೆಗೆ ಒಂದು, ಎರಡನೆಯದಕ್ಕೆ ಎರಡು ಎಂದು ಏರುತ್ತ ಹೋಗುವ ಪದ್ಧತಿಯಲ್ಲಿ ಐದು ಎಲೆಯ ಸರಪಳಿಗೆ 15, ನಾಲ್ಕಕ್ಕೆ 10. ಈ ಏರಿಕೆಯೇ ಆಟಗಾರರಿಗೆ ಒಡ್ಡುವ ಆಸೆ. ಹತ್ತು ಎಲೆಗಳ ಒಂದು ಸರಪಳಿಗೆ 55 ಸಿಗುವ ಕಡೆ ಐದೈದರ ಎರಡು ಸರಪಳಿಗೆ ಒಟ್ಟು 30 ಸಿಗುತ್ತದೆ. ಹಾಗಾಗಿ ಉದ್ದದ ಸರಪಳಿಯ ಕಡೆಗೆ ಮನಸ್ಸು ಎಳೆಯುತ್ತಲೇ ಇರುತ್ತದೆ, ಮೇಜು ಮಾತ್ರ ಬೇರೆಯೇ ಒಂದನ್ನು ಕೇಳುತ್ತಿರುತ್ತದೆ. ಈ ಎರಡರ ನಡುವೆ ಪ್ರತಿ ಸಲ ಹೊಸದಾಗಿ ತೀರ್ಮಾನಿಸಬೇಕಾಗಿ ಬರುವುದರಲ್ಲೇ ಈ ಆಟದ ಸ್ವಾರಸ್ಯವಿದೆ ಎಂದು ನಾನು ನಂಬಿದ್ದೇನೆ.

ಇನ್ನು ಹಬ್ಬದ ವಿಷಯ. ಈ ಬಗೆಯ ಆಟಗಳಲ್ಲಿ ಎಲೆಗಳ ಹರಡುವಿಕೆಯೇ ಮರ, ನಕ್ಷತ್ರ, ಗಂಟೆ, ಉಡುಗೊರೆಯ ಪೆಟ್ಟಿಗೆ ಮುಂತಾದ ಆಕಾರ ತಾಳುತ್ತದೆ. ಕೆಲವು ಎಲೆಗಳ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ. ಒಮ್ಮೆ ಹೊಂದಿಸಿದರೆ ಗಡ್ಡೆ ಒಡೆಯುತ್ತದೆ, ಎರಡನೆಯ ಸಲಕ್ಕೆ ಎಲೆ ಬರುತ್ತದೆ. ಕೆಲವಕ್ಕೆ ರಿಬ್ಬನ್ ಸುತ್ತಿರುತ್ತದೆ, ಅದನ್ನು ಕತ್ತರಿಸಲು ಬೇರೊಂದು ಎಲೆಯ ಕೆಳಗಿರುವ ಕತ್ತರಿ ಸಿಗಬೇಕು. ಒಂದು ಹಂತ ಗೆದ್ದರೆ ನಾಣ್ಯಗಳು, ಆ ನಾಣ್ಯಗಳಿಂದ ಒಂದು ಮನೆಗೋ ಬೀದಿಗೋ ಅಲಂಕಾರ. ಮೊದಲು ಬರಿಯ ಕೋಣೆ, ಆಮೇಲೆ ಬಾಗಿಲಿಗೆ ಹಸಿರು ತೋರಣ, ಕಿಟಕಿಗೆ ದೀಪ, ಒಲೆಯ ಮೇಲೆ ಮೇಣದ ಬತ್ತಿ, ಮೂಲೆಯಲ್ಲಿ ಮರ, ಮರಕ್ಕೆ ಒಂದೊಂದಾಗಿ ಗೋಲಿಗಳು. ಆಡಿ ಗಳಿಸಿದ್ದರಿಂದ ಏನನ್ನಾದರೂ ಕಟ್ಟುವ ಈ ಕ್ರಮ ಹಬ್ಬದ ಆಟಗಳಿಗಷ್ಟೇ ಸೇರಿದ್ದಲ್ಲ. 2007ರ ಫೇರ್‌ವೇ ಸಾಲಿಟೇರ್ ಗಾಲ್ಫ್ ಮೈದಾನವನ್ನೇ ಹಂತಗಳಾಗಿ ಮಾಡಿಕೊಂಡಿತ್ತು. ಗ್ರೇ ಏಲಿಯನ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆಯಿಂದ ದಂಪತಿಗಳಾದ ಜೇಕ್ ಬರ್ಕೆಟ್ ಮತ್ತು ಹೆಲೆನ್ ಕಾರ್ಮೈಕಲ್ 2015ರಲ್ಲಿ ತಂದ ರೀಜೆನ್ಸಿ ಸಾಲಿಟೇರ್ ಇಂಗ್ಲೆಂಡಿನ ಹಳೆಯ ಕಾಲದ ಕಥೆಯೊಂದನ್ನು ಎಲೆಗಳ ನಡುವೆ ಹೆಣೆದಿತ್ತು. ಆದರೆ ಹಬ್ಬದ ಆಟದಲ್ಲಿ ಈ ಕ್ರಮಕ್ಕೆ ಒಂದು ವಿಶೇಷ ಹೊಂದಾಣಿಕೆ ಇದೆ. ಹಬ್ಬದ ಮನೆ ಒಂದೇ ಸಲಕ್ಕೆ ಸಿಂಗಾರಗೊಳ್ಳುವುದಿಲ್ಲ, ದಿನಕ್ಕೆ ಒಂದಿಷ್ಟರಂತೆ ಆಗುತ್ತದೆ; ದಿನಕ್ಕೆ ಎರಡೋ ಮೂರೋ ಹಂತ ಆಡುವ ನನ್ನಂಥವಳ ಆಟವೂ ಅದೇ ವೇಗದಲ್ಲಿ ಸಾಗುತ್ತದೆ.

ನಮ್ಮ ಪಕ್ಕದ ಮನೆಯವರು ಮಂಗಳೂರು ಕಡೆಯಿಂದ ಬಂದು ನೆಲೆಸಿದ ಕ್ರೈಸ್ತರು. ಅವರ ಮನೆಯಲ್ಲಿ ಡಿಸೆಂಬರ್ ಹೊತ್ತಿಗೆ ನಡೆಯುವ ಕೆಲಸಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಗೋದಲಿಯ (ಯೇಸುವಿನ ಜನನದ ದೃಶ್ಯದ ಬೊಂಬೆಮನೆ) ಸುತ್ತ ಹಸಿರು ಕಾಣಲೆಂದು ತಟ್ಟೆಯಲ್ಲಿ ಕಾಳು ಹಾಕಿ ಮೊಳಕೆ ಬರಿಸುತ್ತಾರೆ, ಜಗಲಿಗೆ ನಕ್ಷತ್ರದ ಗೂಡುದೀಪ ಕಟ್ಟುತ್ತಾರೆ, ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ತಟ್ಟೆಗೆ ಕುಲ್‌ಕುಲ್, ನೆವ್ರಿ, ರೋಸ್ ಕುಕ್ಕೀಸ್ ಎಂದು ಒಂದೊಂದು ದಿನ ಒಂದೊಂದು ಕರಿಯುತ್ತಾರೆ. ಕುಲ್‌ಕುಲ್ ಸುರುಳಿ ಮಾಡುವ ದಿನ ನಮ್ಮನ್ನೂ ಕರೆಯುತ್ತಾರೆ. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಉರುಳಿಸಿದರೆ ಗೆರೆ ಗೆರೆಯ ಚಿಪ್ಪಿನಂತೆ ಸುತ್ತಿಕೊಂಡು ಬರುತ್ತದೆ, ಹತ್ತು ಕೈ ಸೇರಿದರೂ ಗಂಟೆಗಟ್ಟಲೆ ಹಿಡಿಯುತ್ತದೆ. ಕ್ರಿಸ್ಮಸ್ ದಿನ ಬರುವ ತಟ್ಟೆಗಿಂತ ಆ ಸಂಜೆಯೇ ನನಗೆ ಹೆಚ್ಚು ನೆನಪಿರುವುದು. ಆಟದ ಅಡುಗೆಮನೆಯಲ್ಲಿ ಕುಸ್ವಾರ್ ಇಲ್ಲ, ಶುಂಠಿ ಬಿಸ್ಕತ್ತಿನ ಮನೆ ಇದೆ. ಮೊಳಕೆಯ ತಟ್ಟೆ ಇಲ್ಲ, ಕಿಟಕಿಯಾಚೆ ಹಿಮ ಇದೆ. ಕೊಡಗಿನಲ್ಲಿ ಮಾಗಿಯ ಚಳಿ ಎಷ್ಟೇ ಇದ್ದರೂ ಹಿಮ ಬೀಳುವುದಿಲ್ಲ, ಬೆಳಗ್ಗೆ ಬೇಲಿಯ ಜೇಡರ ಬಲೆಗಳ ಮೇಲೆ ಇಬ್ಬನಿ ಕೂತಿರುತ್ತದೆ ಅಷ್ಟೆ. ಹಾಗಿದ್ದರೂ ಆ ಪರಕೀಯ ಚಿತ್ರಗಳು ನನಗೆ ಅಡ್ಡಿಯಾಗಲಿಲ್ಲ. ಕೆಲಸದ ಕ್ರಮ ಒಂದೇ ಆಗಿರುವುದರಿಂದ ಆ ಮನೆ ನನಗೆ ಗುರುತಿನ ಮನೆಯೇ ಅನ್ನಿಸುತ್ತದೆ.

ಅಡ್ಡಿಯಾಗುವುದು ಬೇರೆ ಕಾರಣಕ್ಕೆ. ಮೊಬೈಲಿನಲ್ಲಿ ಬರುವ ಹಬ್ಬದ ಸಾಲಿಟೇರ್‌ಗಳಲ್ಲಿ ಅನೇಕವು ಅವಸರವನ್ನೇ ವ್ಯಾಪಾರ ಮಾಡಿಕೊಂಡಿವೆ. ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಜಾಹೀರಾತು. ಸೋತರೆ ಅರ್ಧ ಗಂಟೆ ಕಾಯಬೇಕು ಅಥವಾ ಹಣ ಕೊಡಬೇಕು. ಮೂಲೆಯಲ್ಲೊಂದು ಗಡಿಯಾರ ಇಂತಿಷ್ಟು ಗಂಟೆಗಳಲ್ಲಿ ಈ ಉಡುಗೊರೆ ಕೈತಪ್ಪುತ್ತದೆ ಎಂದು ಹೆದರಿಸುತ್ತಿರುತ್ತದೆ. ಎಲೆಗಳೂ ಅದಕ್ಕೆ ತಕ್ಕಂತೆ ಬೀಳುತ್ತವೆಯೇನೋ ಎಂಬ ಅನುಮಾನ ಆಡುವವರಿಗೆ ಬಂದೇ ಬರುತ್ತದೆ, ಮತ್ತು ಆ ಅನುಮಾನ ಒಮ್ಮೆ ಬಂದರೆ ಯೋಚಿಸಿ ಆಡುವ ಮನಸ್ಸೇ ಹೋಗುತ್ತದೆ. ಇದರ ಮೇಲೆ ಇಂಟರ್ನೆಟ್ ಇಲ್ಲದೆ ತೆರೆಯದ ಆಟಗಳಿವೆ; ತೋಟದ ನಡುವಿನ ಮನೆಯಲ್ಲಿ, ಸಿಗ್ನಲ್ ಸಿಗಬೇಕಾದರೆ ಗೇಟಿನವರೆಗೆ ನಡೆಯಬೇಕಾದ ನಮ್ಮಂಥವರಿಗೆ ಅವು ಇದ್ದೂ ಇಲ್ಲದಂತೆ. ಒಂದೇ ಸಲ ಹಣ ಕೊಟ್ಟು ಇಳಿಸಿಕೊಳ್ಳುವ, ಕರೆಂಟ್ ಹೋದರೂ ಬ್ಯಾಟರಿ ಇರುವವರೆಗೆ ನಡೆಯುವ ಹಳೆಯ ಮಾದರಿಯ ಆಟವನ್ನೇ ನಾನು ಹುಡುಕಿ ಕೊಳ್ಳುವುದು. ಅಂಥವುಗಳಲ್ಲಿ ಸಾಮಾನ್ಯವಾಗಿ ಒಂದು ಗಂಟೆ ಉಚಿತವಾಗಿ ಆಡಿ ನೋಡುವ ಅವಕಾಶವಿರುತ್ತದೆ. ಆ ಒಂದು ಗಂಟೆಯಲ್ಲಿ ನಾನು ನೋಡುವುದು ಮೂರು ವಿಷಯ: ಸಮಯದ ಮಿತಿಯನ್ನು ತೆಗೆದುಹಾಕಲು ಬರುತ್ತದೆಯೇ, ಹಿಂದಿನ ನಡೆಯನ್ನು ವಾಪಸು ತೆಗೆದುಕೊಳ್ಳಬಹುದೇ, ಕಟ್ಟಿನಲ್ಲಿ ಎಷ್ಟು ಎಲೆ ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆಯೇ. ಮೂರನೆಯದು ನನಗೆ ಬಹಳ ಮುಖ್ಯ. ಉಳಿದದ್ದು ಎಷ್ಟೆಂದು ಗೊತ್ತಿಲ್ಲದೆ ಯಾವ ತಯಾರಿಯೂ ಸಾಧ್ಯವಿಲ್ಲ.

ಜೋಕರ್ ಎಲೆಗಳ ಬಗ್ಗೆಯೂ ಒಂದು ಮಾತು. ಯಾವ ಎಲೆಯ ಮೇಲೂ ಹಾಕಬಹುದಾದ, ಅದರ ಮೇಲೆ ಯಾವುದನ್ನೂ ಹಾಕಬಹುದಾದ ಈ ಜೋಕರನ್ನು ಕೆಲವು ಆಟಗಳು ಹಂತಕ್ಕೆ ನಾಲ್ಕೈದರಂತೆ ಸುರಿಯುತ್ತವೆ. ಹಾಗೆ ಮಾಡಿದರೆ ಆರು ಒಂಟಿಯಾದರೂ ಚಿಂತೆಯಿಲ್ಲ, ಹತ್ತು ಜೋಡಿಯಾದರೂ ವಿಶೇಷವಿಲ್ಲ. ಒಂದು ಹಂತಕ್ಕೆ ಒಂದೇ ಜೋಕರ್, ಅದೂ ಮೇಜಿನ ಮೇಲೆ ಎಲ್ಲೋ ಒಳಗೆ ಅಡಗಿರಬೇಕು. ಅದನ್ನು ಹೊರತೆಗೆಯಲು ಎಷ್ಟು ಖರ್ಚು ಮಾಡಬೇಕು, ತೆಗೆದ ಮೇಲೆ ಯಾವಾಗ ಬಳಸಬೇಕು ಎಂಬುದು ಆಗ ಯೋಚಿಸತಕ್ಕ ವಿಷಯವಾಗುತ್ತದೆ. ಹಿನ್ನೆಲೆಯ ಸಂಗೀತವನ್ನು ನಾನು ಮೊದಲ ದಿನವೇ ನಿಲ್ಲಿಸುತ್ತೇನೆ, ಎಲೆ ಬೀಳುವ ಸದ್ದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ.

ಅಲಂಕಾರವು ಎಲೆಗಳ ಮೇಲೂ ಇಳಿಯಬೇಕು ಎಂಬುದು ನನ್ನ ಇನ್ನೊಂದು ಬಲವಾದ ಅಭಿಪ್ರಾಯ. ಇದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಉದಾಹರಣೆ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ವಿಷಯದಲ್ಲಿ ಅಪಾರ ಆಸಕ್ತಿಯಿದ್ದವರು. ಗಂಜೀಫಾ ಎಂಬ ಹಳೆಯ ಕಾಲದ ಆಟದ ಎಲೆಗಳಿಗೆ ಅವರ ಆಸ್ಥಾನದಲ್ಲಿ ರೂಪಿಸಿದ ಹೊಸ ಆಟಗಳು ಚದ್ ಎಂಬ ಹೆಸರಿನಿಂದ ಪ್ರಸಿದ್ಧವಾದವು. ಎಲೆಗಳ ಒಂದೊಂದು ಗುಂಪಿಗೆ ಒಬ್ಬೊಬ್ಬ ದೇವತೆ, ಆ ದೇವತೆಯ ವಾಹನ, ಆಯುಧ, ಪರಿವಾರ ಎಂದು ಎಲ್ಲವನ್ನೂ ಎಲೆಯ ಮೇಲೆಯೇ ಕೈಯಿಂದ ಬರೆಯುತ್ತಿದ್ದರು. ಅಲ್ಲಿ ವಿಷಯ ಬೇರೆ, ಎಲೆ ಬೇರೆ ಆಗಿರಲಿಲ್ಲ. ಇಂದಿನ ಹಬ್ಬದ ಸಾಲಿಟೇರ್‌ಗಳಲ್ಲಿ ರಾಜನಿಗೆ ಕೆಂಪು ಟೊಪ್ಪಿಗೆ ಹಾಕಿ ಮುಗಿಸುವುದನ್ನು ನೋಡಿದಾಗ ಇನ್ನೂ ಎಷ್ಟೋ ಮಾಡಬಹುದಿತ್ತಲ್ಲ ಎನಿಸುತ್ತದೆ. ಓದಲು ತೊಡಕಾಗಬಾರದು ಎಂಬುದು ನಿಜ. ಸಣ್ಣ ಪರದೆಯಲ್ಲಿ ಆರಕ್ಕೂ ಒಂಬತ್ತಕ್ಕೂ ವ್ಯತ್ಯಾಸ ಥಟ್ಟನೆ ಕಾಣಬೇಕು. ಆದರೆ ರಾಜ, ರಾಣಿ, ಗುಲಾಮರ ಹನ್ನೆರಡು ಎಲೆಗಳಲ್ಲಿ ಚಿತ್ರಕಾರರಿಗೆ ಬೇಕಾದಷ್ಟು ಜಾಗವಿದೆ.

ಹಾಗಾದರೆ ನಮ್ಮ ಹಬ್ಬದ್ದೇ ಒಂದು ಸಾಲಿಟೇರ್ ಇದ್ದರೆ ಹೇಗಿರಬೇಕು ಎಂಬ ಯೋಚನೆ ಆಡುವಾಗಲೆಲ್ಲ ನನಗೆ ಬರುತ್ತದೆ. ಮಡಿಕೇರಿ ದಸರೆಯನ್ನು ಹಂತಗಳಾಗಿ ಮಾಡುವುದು ಸುಲಭ: ನಾಲ್ಕು ಕರಗ, ಹತ್ತು ಮಂಟಪ, ಪ್ರತಿ ಮಂಟಪವೂ ಒಂದೊಂದು ಅಧ್ಯಾಯ, ದೀಪಗಳು ಒಂದೊಂದಾಗಿ ಹತ್ತಿಕೊಳ್ಳುವ ಅಲಂಕಾರ. ಆದರೆ ನನ್ನ ಮನಸ್ಸು ಇರುವುದು ಹುತ್ತರಿಯ ಮೇಲೆ. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ಬರುವ ಈ ಸುಗ್ಗಿಯ ಹಬ್ಬದಷ್ಟು ಕ್ರಮವನ್ನು ಬೇಡುವ ಹಬ್ಬ ನನಗೆ ತಿಳಿದಂತೆ ಬೇರೊಂದಿಲ್ಲ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತಾಗುತ್ತದೆ. ನೆರೆ, ಅಂದರೆ ಎಲೆಗಳ ಕಟ್ಟು, ಕಟ್ಟುವುದಕ್ಕೆ ಒಂದು ಗಳಿಗೆ, ಕದಿರು, ಅಂದರೆ ಭತ್ತದ ತೆನೆ, ತೆಗೆಯುವುದಕ್ಕೆ ಒಂದು ಗಳಿಗೆ, ಊಟಕ್ಕೆ ಇನ್ನೊಂದು ಗಳಿಗೆ. ಮಾವು, ಅರಳಿ ಮೊದಲಾದ ಮರಗಳ ಎಲೆಗಳನ್ನು ಸೇರಿಸಿ ನೆರೆ ಕಟ್ಟದೆ ಗದ್ದೆಗೆ ಇಳಿಯುವಂತಿಲ್ಲ, ಗದ್ದೆಗೆ ಇಳಿದು ಬಂದೂಕಿನ ಗುಂಡು ಹಾರಿಸಿ "ಪೊಲಿ ಪೊಲಿ ದೇವಾ" ಎಂದು ಕೂಗುತ್ತ ಕದಿರು ಕೊಯ್ದು ತರದೆ ಮನೆಯ ಕಂಬಕ್ಕೆ ಕಟ್ಟುವಂತಿಲ್ಲ, ಅದಾದ ಮೇಲೆಯೇ ತಂಬಿಟ್ಟು, ಹುತ್ತರಿ ಗೆಣಸು, ಹೊಸ ಅಕ್ಕಿಯ ಪಾಯಸ.

ಇದನ್ನು ಎಲೆಗಳ ನಿಯಮಕ್ಕೆ ತರಲು ಏನೂ ಕಷ್ಟವಿಲ್ಲ. ಮಂಜುಗಡ್ಡೆಯ ಬದಲು ನೆರೆಯ ಕಟ್ಟು ಇರಲಿ. ಮೇಜಿನ ಬೇರೆ ಬೇರೆ ಮೂಲೆಗಳಲ್ಲಿ ಅಡಗಿರುವ ಎಲೆಗಳನ್ನೆಲ್ಲ ಕೂಡಿಸಿದಾಗ ಮಾತ್ರ ಗದ್ದೆಯ ಭಾಗ ತೆರೆದುಕೊಳ್ಳಲಿ. ಗದ್ದೆಯ ಎಲೆಗಳು ತೆನೆಯ ಆಕಾರದಲ್ಲಿ, ತುದಿಯಿಂದ ಬುಡದ ಕಡೆಗೆ ಒಂದನ್ನೊಂದು ಮುಚ್ಚಿಕೊಂಡಿರಲಿ. ಮುಹೂರ್ತವನ್ನು ಗಡಿಯಾರದಿಂದ ಅಳೆಯಬಾರದು, ಕಟ್ಟಿನ ಎಲೆಗಳಿಂದಲೇ ಅಳೆಯಬೇಕು: ಇಂತಿಷ್ಟು ಎಲೆ ಎತ್ತುವುದರೊಳಗೆ ನೆರೆ ಸಿದ್ಧವಾದರೆ ಮುಂದಿನ ಹಂತಕ್ಕೆ ಒಂದು ಹೆಚ್ಚಿನ ಎಲೆ ಸಿಗಲಿ, ಆಗದಿದ್ದರೆ ಆಟ ಸುಮ್ಮನೆ ಮುಂದುವರಿಯಲಿ. ಹೀಗೆ ಮಾಡಿದರೆ ಆತುರಪಡಿಸದೆಯೇ ಗಳಿಗೆಯ ಬೆಲೆ ತಿಳಿಯುತ್ತದೆ. ಗಳಿಸಿದ್ದರಿಂದ ಕೊಳ್ಳಬೇಕಾದ ಅಲಂಕಾರಗಳೂ ಇಲ್ಲೇ ಇವೆ. ಅಂಗಳ ಸಾರಿಸುವುದು, ನೆಲ್ಲಕ್ಕಿಯಲ್ಲಿ (ಮನೆಯ ನಡುಕೋಣೆ) ದೀಪ ಇಡುವುದು, ತಂಬಿಟ್ಟಿಗೆ ಬಾಳೆಹಣ್ಣು ಕಿವುಚುವುದು, ಕೋಲಾಟಕ್ಕೆ ಕೋಲು ಅಣಿಮಾಡುವುದು. ಕೊನೆಯ ಹಂತ ಊರವರು ಸೇರುವ ಬಯಲಾದ ಮಂದಿನಲ್ಲಿ ನಡೆಯಲಿ, ಅಲ್ಲಿ ಎಲೆಗಳು ವೃತ್ತಾಕಾರದಲ್ಲಿ ಹರಡಿರಲಿ, ರಾಜನ ಮೇಲೆ ಎಕ್ಕ ಹಾಕಿ ಸುತ್ತು ಬರುವ ಅವಕಾಶ ಅಲ್ಲಿ ಮಾತ್ರ ಇರಲಿ. ಸಂಗೀತ ದುಡಿ ಎಂಬ ಪುಟ್ಟ ಚರ್ಮವಾದ್ಯದ ಬಡಿತದ್ದಾಗಿದ್ದರೆ ನಾನು ಅದನ್ನು ನಿಲ್ಲಿಸಲಾರೆ.

ಈ ವರ್ಷ ನಾನು ಆಡುತ್ತಿರುವ ಆಟದಲ್ಲಿ ಮನೆಯ ಒಳಗಿನ ಅಲಂಕಾರ ಮುಗಿದು ಬೀದಿಯ ಅಲಂಕಾರ ಶುರುವಾಗಿದೆ. ಅಣ್ಣನ ಮಗಳು ರಜೆಗೆ ಬಂದವಳು ಪಕ್ಕದಲ್ಲಿ ಕೂತು, "ಅತ್ತೆ, ಆ ಏಳನ್ನು ಮೊದಲು ತೆಗಿಬೇಡಿ, ಅದರ ಕೆಳಗೆ ಏನೂ ಇಲ್ಲ" ಎಂದು ಹೇಳಲು ಕಲಿತಿದ್ದಾಳೆ. ಹುತ್ತರಿ ಆಟದ ಹರಡುವಿಕೆಯನ್ನು ಇಬ್ಬರೂ ಸೇರಿ ನಿಜವಾದ ಇಸ್ಪೀಟಿನ ಕಟ್ಟಿನಲ್ಲಿ ಮೇಜಿನ ಮೇಲೆ ಹಾಕಿ ನೋಡುತ್ತಿದ್ದೇವೆ. ತೆನೆಯ ಆಕಾರಕ್ಕೆ ಸದ್ಯ 28 ಎಲೆ ಸಾಲುತ್ತಿಲ್ಲ, 31 ಬೇಕಾಗುತ್ತಿದೆ. ಹಾಗೆ ಮಾಡಿದರೆ ಕೈಯಲ್ಲಿ ಉಳಿಯುವ 21 ಎಲೆಗಳಿಗೆ ಮೇಜು ಖಾಲಿಯಾಗುವುದು ಕಷ್ಟ. ಆದ್ದರಿಂದ ತೆನೆಯ ಬುಡದಲ್ಲಿ ಇನ್ನೆರಡು ಎಲೆಗಳನ್ನು ತೆರೆದೇ ಇಡಬೇಕೇ ಅಥವಾ ಒಂದು ಜೋಕರ್ ಸೇರಿಸಬೇಕೇ ಎಂಬುದನ್ನು ದೊಡ್ಡಪ್ಪನನ್ನು ಕೇಳಿ ತೀರ್ಮಾನಿಸಬೇಕಾಗಿದೆ.